ಗೋಕರ್ಣದಲ್ಲಿ ಪರಿಚಯವಾದವರ ಜೊತೆ ಅಂಡಮಾನ್‌ಗೆ ಹೋಗಬಹುದಾ?

ತೊಡೆದೇವು ಕೂಸು
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದವಳು, ಕೆಲಸ ಹುಬ್ಬಳ್ಳಿಯಲ್ಲಿ. ದೀಪಾವಳಿ ಮುಗಿಸಿ ಗೋಕರ್ಣಕ್ಕೆ ಹೋದಾಗ ಹಾಸ್ಟೆಲ್‌ನಲ್ಲಿ ಮೂರು ಜನ ಪರಿಚಯವಾದರು. ಪುಣೆಯ ನರ್ಸ್ ಒಬ್ಬಳು, ಕೊಚ್ಚಿಯ ಹುಡುಗ ಒಬ್ಬ, ಜರ್ಮನಿಯವನು ಒಬ್ಬ. ಕುಡ್ಲೆ, ಓಂ, ಹಾಫ್ ಮೂನ್ ಬೀಚು ಅಂತ ಗುಡ್ಡದ ದಾರಿಯಲ್ಲಿ ಒಟ್ಟಿಗೆ ನಡೆದೆವು, ಒಟ್ಟಿಗೆ ಉಂಡೆವು, ಮಧ್ಯರಾತ್ರಿ ತನಕ ಹರಟೆ ಹೊಡೆದೆವು. ಶಾಲೆಯಿಂದ ಜೊತೆಗಿರುವ ಗೆಳತಿಯರ ಹತ್ತಿರವೂ ನಾನು ಇಷ್ಟು ಸಲೀಸಾಗಿ ಮಾತಾಡಿಲ್ಲ.

ಈಗ ಜನವರಿಯಲ್ಲಿ ನಾಲ್ಕೂ ಜನ ಅಂಡಮಾನ್‌ಗೆ ಹೋಗುವ ಮಾತು ನಡೆದಿದೆ. ಬೆನ್ನಿಗೊಂದು ಬ್ಯಾಗು, ಎರಡು ವಾರ, ಕಡಿಮೆ ಖರ್ಚು. ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್, ಸಾಧ್ಯವಾದರೆ ಉತ್ತರದ ದಿಗ್ಲಿಪುರ. ಕೊಚ್ಚಿಯವನು "ಎಲ್ಲರೂ 25,000 ನನ್ನ ಖಾತೆಗೆ ಹಾಕಿ, ಟಿಕೆಟ್ಟು, ರೂಮು ಎಲ್ಲ ನಾನೇ ನೋಡಿಕೊಳ್ಳುತ್ತೇನೆ" ಅಂದಿದ್ದಾನೆ. ಆಯಿಗೆ ಹೇಳಿದರೆ "ಯಾರ ಮನೆ ಮಕ್ಕಳು ಅವರು?" ಅಂತ ಒಂದೇ ಪ್ರಶ್ನೆ. ನನಗೆ ಮೂವರ ಪೂರ್ತಿ ಹೆಸರೂ ಗೊತ್ತಿಲ್ಲ!

ಹೀಗೆ ದಾರಿಯಲ್ಲಿ ಸಿಕ್ಕವರ ಜೊತೆ ದ್ವೀಪ ಸುತ್ತಿದವರು ಇದ್ದರೆ ಹೇಳಿ. ದುಡ್ಡಿನ ವಿಷಯ ಹೇಗೆ ಮಾಡಿದಿರಿ? ಇನ್ನೊಂದು, ನಾನು ಸಸ್ಯಾಹಾರಿ. ಅಲ್ಲಿ ಊಟದ ಕಥೆ ಏನು?

ಕುಮಟಾ ಕಡ್ಡಿ
ಹೆಸರು ಗೊತ್ತಿಲ್ಲದವನ ಖಾತೆಗೆ 25,000. ಆಯಿ ಸರಿಯಾಗಿಯೇ ಕೇಳಿದ್ದಾರೆ. ಮುಂದಿನ ಪ್ರಶ್ನೆ?

ಭಟ್ಟರ ಮಾಣಿ
ದುಡ್ಡು ಹಾಕುವಾಗ ಫೋನ್ ಪರದೆ ಮೇಲೆ ಪೂರ್ತಿ ಹೆಸರು ಬರುತ್ತದಲ್ಲ ಮಾರಾಯಾ. ಅಲ್ಲಿಗೆ ಒಂದು ಸಮಸ್ಯೆ ಮುಗೀತು.

ಅಂಕೋಲಾ ಅಕ್ಕ
ತಂಗಿ, ನಾನು ಥಾಯ್ಲೆಂಡ್‌ನಲ್ಲಿ ಹೀಗೆಯೇ ಸುತ್ತಿದವಳು. ಸಮುಯಿ, ಫಂಗಾನ್, ಟಾವ್ ದ್ವೀಪಗಳು, ಒಂದರಿಂದ ಇನ್ನೊಂದಕ್ಕೆ ಫೆರಿ. ಜೊತೆಗಿದ್ದವರೆಲ್ಲ ಹಾಸ್ಟೆಲ್‌ನ ಅಕ್ಕಪಕ್ಕದ ಮಂಚದವರು. ಹೋಗು ಅಂತಲೇ ಹೇಳುತ್ತೇನೆ, ಆದರೆ ಕೊಚ್ಚಿಯವನ ಲೆಕ್ಕಕ್ಕೆ ಮಾತ್ರ ಒಪ್ಪಬೇಡ. ಅವನು ಕಳ್ಳ ಅಂತಲ್ಲ. ಹದಿನೈದು ದಿನದಲ್ಲಿ ಯಾರಿಗೋ ಜ್ವರ ಬರುತ್ತದೆ, ಯಾರಿಗೋ ಬೇಜಾರಾಗುತ್ತದೆ, ಯಾರೋ ಒಬ್ಬರಿಗೆ ಒಂದೇ ಬೀಚಿನಲ್ಲಿ ಇನ್ನೂ ನಾಲ್ಕು ದಿನ ಇರಬೇಕು ಅನಿಸುತ್ತದೆ. ಎಲ್ಲ ಬುಕಿಂಗ್ ಒಬ್ಬನ ಫೋನಿನಲ್ಲಿದ್ದರೆ ಅವನು ಹೋದ ಕಡೆ ನೀನೂ ಹೋಗಬೇಕು. ಜಗಳ ಶುರುವಾಗುವುದೇ ಅಲ್ಲಿ.

ವಿಮಾನ, ಫೆರಿ, ಮಲಗುವ ಜಾಗ, ಈ ಮೂರು ನಿನ್ನದು ನಿನ್ನ ಹೆಸರಲ್ಲಿ, ನಿನ್ನ ದುಡ್ಡಲ್ಲಿ ಇರಲಿ. ಸ್ಕೂಟರ್ ಬಾಡಿಗೆ, ಜೀಪು, ಊಟ ಇವನ್ನು ಹಂಚಿಕೊಳ್ಳಿ. ನಮ್ಮ ಗುಂಪಿನಲ್ಲಿ ಒಬ್ಬ ಸ್ಕೂಟರ್‌ನಿಂದ ಬಿದ್ದು ಕಾಲು ಕೆತ್ತಿಸಿಕೊಂಡ. ಅದುವರೆಗೆ "ನಾವೆಲ್ಲ ಒಂದೇ ಮನೆ" ಅನ್ನುತ್ತಿದ್ದವರು ಮಾರನೇ ದಿನ ಫೆರಿ ಹತ್ತಿ ಹೋದರು. ಬಾಯಿ ಬಿಟ್ಟು ಮಾತೇ ಆಡದ ಕೊರಿಯಾದ ಹುಡುಗಿ ಅವನ ಜೊತೆ ಕ್ಲಿನಿಕ್‌ನಲ್ಲಿ ಕೂತಳು. ಅವಳು ಈಗಲೂ ಹೊಸ ವರ್ಷಕ್ಕೆ ಮೆಸೇಜ್ ಮಾಡುತ್ತಾಳೆ. ಅದಕ್ಕೇ ಹೇಳುವುದು, ಹರಟೆ ಚೆನ್ನಾಗಿ ಹೊಡೆಯುತ್ತಾರೆ ಅಂದಮಾತ್ರಕ್ಕೆ ಜೊತೆಗಾರರು ಅಂದುಕೊಳ್ಳಬೇಡ.

ಕುಮಟಾ ಕಡ್ಡಿ
ಅಕ್ಕಾ, ನೀವು ಗಟ್ಟಿಗಿತ್ತಿ, ನಿಮ್ಮ ಕಥೆ ಬೇರೆ. ಮನೆಯಲ್ಲಿ ಒಪ್ಪದೆ ಹುಡುಗಿ ಒಬ್ಬಳೇ ಇಬ್ಬರು ಗಂಡು ಹುಡುಗರ ಜೊತೆ ಅಷ್ಟು ದೂರ ಹೋಗುವುದು ಅಂದರೆ…

ಅಂಕೋಲಾ ಅಕ್ಕ
ಅವಳ ಜೊತೆ ಪುಣೆಯ ನರ್ಸ್ ಇದ್ದಾಳೆ, ಓದಿಲ್ವಾ? ನಾಲ್ಕು ಗಂಡು ಹುಡುಗರು ಕೇಳಿದ್ದರೆ ನೀವು "ಬಿಯರ್ ಎಲ್ಲಿ ಚೀಪ್" ಅಂತ ಬರೆಯುತ್ತಿದ್ದಿರಿ.

ಚಹಾ ಒಂದು
ಎಲ್ಲಿ ಚೀಪ್?

ಅರಗಾ ಗೇಟು
ಕೆಲಸದ ಮೇಲೆ ಕೆಲವು ವರ್ಷ ಪೋರ್ಟ್ ಬ್ಲೇರ್‌ನಲ್ಲಿದ್ದೆ, ಗೊತ್ತಿದ್ದದ್ದು ಹೇಳುತ್ತೇನೆ. 2024ರಲ್ಲಿ ಊರಿನ ಹೆಸರು ಶ್ರೀ ವಿಜಯಪುರಂ ಆಗಿದೆ. ಹ್ಯಾವ್ಲಾಕ್ 2018ರಲ್ಲೇ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ ಆಯಿತು. ಟಿಕೆಟ್ ಹುಡುಕುವಾಗ ಗಾಬರಿಯಾಗಬೇಡಿ, ಎರಡೂ ಒಂದೇ.

ಭಾರತೀಯರಿಗೆ ಈ ಮೂರು ಕಡೆಗೆ ಪರ್ಮಿಟ್ ಬೇಕಿಲ್ಲ. ನಿಕೋಬಾರ್ ಮಾತ್ರ ಪಾಸ್ ಇಲ್ಲದೆ ಹೋಗುವಂತಿಲ್ಲ, ಪ್ರವಾಸಕ್ಕೆ ಅಂತ ಸಾಮಾನ್ಯವಾಗಿ ಕೊಡುವುದೂ ಇಲ್ಲ. ಜರ್ಮನಿಯವನಿಗೆ ನಿಯಮ ಬೇರೆ, ಅವನು ಹೋಗಬಹುದಾದ ದ್ವೀಪಗಳ ಪಟ್ಟಿಯೇ ಬೇರೆ. ಟಿಕೆಟ್ ಮಾಡುವ ಮೊದಲೇ ಅವನು ವಿಚಾರಿಸಲಿ. ಅವನ ಹತ್ತಿರ ಸ್ಯಾಟಲೈಟ್ ಫೋನು, ಅಥವಾ ಚಾರಣದವರು ಇಟ್ಟುಕೊಳ್ಳುವ ಗಾರ್ಮಿನ್ ಇನ್‌ರೀಚ್ ಥರದ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ಇದೆಯಾ ಅಂತಲೂ ಕೇಳಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲೇ ಪೊಲೀಸ್ ಕೇಸ್ ಆಗುತ್ತದೆ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಸರ್ಕಾರಿ ಫೆರಿಯಲ್ಲಿ ಎರಡೂವರೆ ಗಂಟೆ, ಖಾಸಗಿ ಕ್ಯಾಟಮರಾನ್‌ನಲ್ಲಿ ಒಂದೂವರೆ. ಸರ್ಕಾರಿಯದು ತುಂಬಾ ಅಗ್ಗ. ಆದರೆ ಜನವರಿಯಲ್ಲಿ ಸೀಟು ಬೇಗ ಖಾಲಿ. ಗಾಳಿ ಜಾಸ್ತಿಯಾದರೆ ಯಾವುದೂ ಬಿಡುವುದಿಲ್ಲ, ಹಾಗಾಗಿ ವಾಪಸ್ ವಿಮಾನದ ಹಿಂದಿನ ದಿನ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು.

ಮುಖ್ಯ ಮಾತು ಇದು. ಫೆರಿ ಟಿಕೆಟ್‌ಗೆ ಎಲ್ಲರ ಗುರುತಿನ ಚೀಟಿ ಬೇಕೇ ಬೇಕು. "ಟಿಕೆಟ್‌ಗೆ ಬೇಕು, ಎಲ್ಲರೂ ಎಲ್ಲರಿಗೂ ಆಧಾರ್, ಪಾಸ್‌ಪೋರ್ಟ್ ಫೋಟೋ ಕಳಿಸಿ" ಅಂತ ಗುಂಪಿನಲ್ಲಿ ಹಾಕು. ಯಾರಿಗೂ ಮುಜುಗರ ಇಲ್ಲ. ಅದನ್ನು ಆಯಿಗೂ ಕಳಿಸು.

ತೊಡೆದೇವು ಕೂಸು
ಇದು ಬೆಸ್ಟ್! ಕೇಳುವುದು ಹೇಗೆ ಅಂತಲೇ ಒದ್ದಾಡುತ್ತಿದ್ದೆ.

ಗೋಕರ್ಣ ಬೀದಿ
ಆಧಾರ್ ಕಳಿಸುವುದಾದರೆ ಮಾಸ್ಕ್ ಮಾಡಿದ್ದು ಕಳಿಸಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವುದು. ಸಿಕ್ಕ ಸಿಕ್ಕ ಗುಂಪಿಗೆ ಪೂರ್ತಿ ನಂಬರ್ ಹಾಕುವುದು ಬೇಡ.

ನಮ್ಮ ಬೀದಿಯಲ್ಲಿ ನಾನು ದಿನಾ ನೋಡುತ್ತೇನೆ. ಸೋಮವಾರ ಪರಿಚಯ, ಬುಧವಾರ ಜೀವದ ಗೆಳೆಯರು, ಶುಕ್ರವಾರ ಬಿಲ್ಲು ಯಾರು ಕೊಡಬೇಕು ಅಂತ ನನ್ನ ಅಂಗಡಿ ಮುಂದೆ ಗಲಾಟೆ.

ಬೈತಖೋಲ್ ಬೋಟು
ನಮ್ಮದು ಮೀನುಗಾರರ ಮನೆ. ಇಲ್ಲಿ ಎಲ್ಲರೂ ದುಡ್ಡಿನ ಮಾತೇ ಆಡುತ್ತಿದ್ದೀರಿ, ನೀರಿನ ಮಾತು ಯಾರೂ ಆಡಲಿಲ್ಲ.

ಬೋಟಿಗೆ ಹೊಸ ಖಲಾಸಿ ಬಂದರೆ ಬೋಟು ನಡೆಸುವ ತಾಂಡೇಲ ಅವನ ಊರು, ಜಾತಿ ಕೇಳಿ ಸುಮ್ಮನಾಗುವುದಿಲ್ಲ. ಹೇಳಿದ ಮಾತು ಕೇಳುತ್ತಾನಾ, ಹೆದರಿಕೆ ಆದಾಗ ಹೆದರಿಕೆ ಆಗಿದೆ ಅಂತ ಬಾಯಿಬಿಟ್ಟು ಹೇಳುತ್ತಾನಾ, ಇದನ್ನು ನೋಡುತ್ತಾನೆ. ಸುಮ್ನೆ ಧೈರ್ಯ ತೋರಿಸುವವನು ಬೋಟಿನಲ್ಲಿ ಇದ್ದರೆ ಎಲ್ಲರಿಗೂ ಅಪಾಯ.

2019ರ ಜನವರಿ 21 ಕಾರವಾರದವರಿಗೆ ಮರೆಯುವುದಿಲ್ಲ. ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಜನ ಜಾಸ್ತಿ ಹತ್ತಿದ್ದರು, ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಆ ದಿನ ಕಡಲಿಗೆ ಇಳಿದು ಜನರನ್ನು ಎತ್ತಿದವರಲ್ಲಿ ನಮ್ಮ ಕೇರಿಯವರೂ ಇದ್ದರು.

ಅದಕ್ಕೇ ಕೇಳುತ್ತೇನೆ. "ಈ ದೋಣಿ ತುಂಬಿದೆ, ಮುಂದಿನದಕ್ಕೆ ಹೋಗೋಣ" ಅಂತ ನೀನು ಅಂದರೆ ಆ ಮೂವರು ನಿನ್ನ ಜೊತೆ ದಡದಲ್ಲಿ ನಿಲ್ಲುತ್ತಾರಾ? "ಏನೂ ಆಗಲ್ಲ ಬಾ" ಅಂತ ಕೈ ಹಿಡಿದು ಎಳೆಯುತ್ತಾರಾ? ಎಳೆಯುವವರಾದರೆ ಅವರು ಎಷ್ಟೇ ಒಳ್ಳೆಯವರಿರಲಿ, ಅವರ ಜೊತೆ ದ್ವೀಪಕ್ಕೆ ಹೋಗಬೇಡ.

ಶರಾವತಿ ತೀರ
ಇದಕ್ಕೆ ಮೇಲೆ ಮಾತಿಲ್ಲ.

ಕುಮಟಾ ಕಡ್ಡಿ
ಮಾತಿದೆ. ಅದು ಗೊತ್ತಾಗುವುದು ಹೋದ ಮೇಲೆ ತಾನೇ? ಹೋಗುವ ಮೊದಲು ತಿಳಿಯುವುದು ಹೇಗೆ?

ನೇತ್ರಾಣಿ ನೀರು
ಹೋಗುವ ಮೊದಲೇ ತಿಳಿಯಬಹುದು. ನಾಲ್ಕೂ ಜನ ಒಂದು ದಿನ ಮುರುಡೇಶ್ವರಕ್ಕೆ ಬನ್ನಿ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದು ಗಂಟೆ ಮೇಲೆ. ನಾನು ಇಲ್ಲಿ ಡೈವಿಂಗ್ ಬೋಟಿನಲ್ಲಿ ಕೆಲಸ ಮಾಡುವವನು, ದಿನಾ ಹೊಸ ಹೊಸ ಗುಂಪು ನೋಡುತ್ತೇನೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಒಬ್ಬರಿಗಾದರೂ ವಾಂತಿ. ಆಗ ಯಾರು ನೀರಿನ ಬಾಟಲಿ ಕೊಡುತ್ತಾರೆ, ಯಾರು ಮೊಬೈಲ್ ತೆಗೆದು ವೀಡಿಯೋ ಮಾಡುತ್ತಾರೆ ಅಂತ ನೋಡಿದರೆ ಸಾಕು.

ಈಜು ಬರದಿದ್ದರೂ ಪರವಾಗಿಲ್ಲ, ಮೊದಲ ಸಲ ಇಳಿಯುವವರನ್ನು ತರಬೇತುದಾರರೇ ಹಿಡಿದುಕೊಂಡು ಹೋಗುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ, ಅಂಡಮಾನ್‌ನಲ್ಲೂ ಬೇಕಾಗುತ್ತದೆ. ಸ್ಕೂಬಾ ಮಾಡಿದ ಮೇಲೆ ಕೂಡಲೇ ವಿಮಾನ ಹತ್ತಬಾರದು. ನೀರಿನೊಳಗಿನ ಒತ್ತಡದಲ್ಲಿ ಮೈಯೊಳಗೆ ನೈಟ್ರೋಜನ್ ಕರಗಿರುತ್ತದೆ. ಮೇಲೆ ಗಾಳಿಯ ಒತ್ತಡ ಕಡಿಮೆಯಾದರೆ ಅದು ಗುಳ್ಳೆಯಾಗಿ ಕೀಲು, ನರಕ್ಕೆ ತೊಂದರೆ ಕೊಡುತ್ತದೆ. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ದಿನಾ ಇಳಿದಿದ್ದರೆ 18 ಗಂಟೆ ಕಾಯಬೇಕು. ಹ್ಯಾವ್ಲಾಕ್‌ನಲ್ಲಿ ಕೊನೆಯ ದಿನಕ್ಕೆ ಡೈವ್ ಇಟ್ಟುಕೊಳ್ಳಬೇಡಿ.

ಭಟ್ಟರ ಮಾಣಿ
ಹಾಗಾದರೆ ನೇತ್ರಾಣಿಯಲ್ಲಿ ಮುಳುಗಿ ಅದೇ ಸಂಜೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಬಹುದಾ? ನಾವು 600 ಮೀಟರ್ ಎತ್ತರದವರು!

ನೇತ್ರಾಣಿ ನೀರು
ನಗಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ಘಟ್ಟ ಹತ್ತುವುದಕ್ಕೂ ಇದೇ ಎಚ್ಚರ ಬೇಕು. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು ಬೆಳಿಗ್ಗೆ ಹೋಗಿ. ಊಟಕ್ಕೆ ಬಂಗಡೆ ಇದೆ.

ಭಟ್ಟರ ಮಾಣಿ
ಭಟ್ಟರಿಗೆ ಬಂಗಡೆ!

ಸದಾಶಿವಗಡ ಮಾಸ್ತರು
ದ್ವೀಪದ ಮಾತು ಬಂದಿದೆ, ನಮ್ಮ ಎದುರಿಗೇ ಇರುವ ಅಂಜದೀವ್ ಯಾರಿಗೂ ನೆನಪಾಗಲಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಹಡಗು ನಿಲ್ಲಿಸಿದ್ದ. ಮುಂದೆ ಮುಂಬೈಯನ್ನು ಪೋರ್ಚುಗೀಸರು ಇಂಗ್ಲಿಷರಿಗೆ ಬಿಟ್ಟುಕೊಡುವುದು ತಡವಾಯಿತು. ಊರು ವಹಿಸಿಕೊಳ್ಳಲು ಬಂದಿದ್ದ ಇಂಗ್ಲಿಷ್ ಸೈನಿಕರು ಬೇರೆ ಜಾಗ ಸಿಗದೆ 1660ರ ದಶಕದಲ್ಲಿ ಅಂಜದೀವ್‌ನಲ್ಲಿ ಕಾದು ಕೂತರು. ನೂರಾರು ಜನ ರೋಗ ಬಂದು ಸತ್ತರು, ಅವರ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್ ಕೂಡ. ಒಂದು ಮಳೆಗಾಲ ದ್ವೀಪದಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೇಳಿದೆ.

ಚಹಾ ಒಂದು
ಸರ್, ಹುಡುಗಿ ಜನವರಿಯಲ್ಲಿ ಹೋಗುತ್ತಿರುವುದು.

ಶರಾವತಿ ತೀರ
ಅಂಜದೀವ್ ಗೋವಾಕ್ಕೆ ಸೇರಿದ್ದು ಮಾಸ್ತರೇ, "ನಮ್ಮದು" ಅನ್ನುವ ಹಾಗಿಲ್ಲ.

ಸದಾಶಿವಗಡ ಮಾಸ್ತರು
ಕಾಗದದಲ್ಲಿ ಗೋವಾ. ಬೆಳಿಗ್ಗೆ ಎದ್ದರೆ ಕಾಣುವುದು ನಮಗೆ.

ಅರಗಾ ಗೇಟು
ಈಗ ನೌಕಾನೆಲೆಯೊಳಗಿದೆ, ಯಾರದಾದರೂ ಹೋಗುವಂತಿಲ್ಲ. ಮುಂದೆ ಸಾಗೋಣ.

ಮಳೆಯ ಮಾತು ಬಂತಲ್ಲ, ಒಂದು ಹೇಳುತ್ತೇನೆ. ಅಂಡಮಾನ್‌ಗೆ ಎರಡೂ ಮಳೆ. ಮೇ ಮಧ್ಯದಿಂದ ನಮ್ಮ ಹಾಗೆ ನೈರುತ್ಯ ಮಾರುತ, ಆಮೇಲೆ ಹಿಂಗಾರು. ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆ ಹೊತ್ತು.

ಅಂಕೋಲಾ ಅಕ್ಕ
ಥಾಯ್ಲೆಂಡ್‌ನಲ್ಲಿ ಒಂದೇ ದೇಶದಲ್ಲಿ ಎರಡು ಥರ. ಫುಕೆಟ್, ಕ್ರಾಬಿ ಕಡೆ ಮೇ ತಿಂಗಳಿಂದ ಅಕ್ಟೋಬರ್ ಮಳೆ. ಆಚೆ ಸಮುಯಿ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್ ಜೋರು. ಜನ ಇದು ಗೊತ್ತಿಲ್ಲದೆ ನವೆಂಬರ್‌ನಲ್ಲಿ ಸಮುಯಿಗೆ ಹೋಗಿ ರೂಮಿನಲ್ಲಿ ಇಸ್ಪೀಟ್ ಆಡಿ ಬರುತ್ತಾರೆ. ಹಾಂ, ಅಲ್ಲಿ ಸ್ಕೂಟರ್ ಅಂಗಡಿಯವರು ಪಾಸ್‌ಪೋರ್ಟ್ ಅಡ ಇಡಲು ಕೇಳುತ್ತಾರೆ. ಯಾವ ಕಾರಣಕ್ಕೂ ಕೊಡಬೇಡಿ. ಗಾಡಿಗೆ ಮೊದಲೇ ಇದ್ದ ಗೀರಿಗೂ ದುಡ್ಡು ಕೇಳುತ್ತಾರೆ, ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ಏನು ಮಾಡುತ್ತೀರಿ? ನಗದು ಠೇವಣಿ ಕೊಟ್ಟು, ಗಾಡಿಯ ವೀಡಿಯೋ ಮಾಡಿಕೊಳ್ಳಿ.

ಅಪ್ಪೆಹುಳಿ
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಅಂಡಮಾನ್‌ನಲ್ಲಿ ಸಸ್ಯಾಹಾರಿ ಸಾಯುವುದಿಲ್ಲ. ತಮಿಳರು ಬೇಕಾದಷ್ಟಿದ್ದಾರೆ, ಇಡ್ಲಿ ದೋಸೆ ಸಿಗುತ್ತದೆ. ಹ್ಯಾವ್ಲಾಕ್‌ನಲ್ಲಿ ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರುಗಳು. ಅನ್ನ, ದಾಲ್, ಬಟಾಟೆ ಪಲ್ಯ ಕೊಡುತ್ತಾರೆ. ಹೇಳುವಾಗ ಮಾತ್ರ "ಮೀನೂ ಬೇಡ" ಅಂತ ಬಿಡಿಸಿ ಹೇಳಬೇಕು.

ಕಷ್ಟ ಇರುವುದು ಆಚೆ ದೇಶಗಳಲ್ಲಿ. ಥಾಯ್ಲೆಂಡ್‌ನಲ್ಲಿ ಬರೀ ತರಕಾರಿ ಹುರಿದು ಕೊಟ್ಟರೂ ಮೀನಿನ ಸಾಸ್ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಬೇಕು, ಅಲ್ಲಿ ಅದೂ ಇರುವುದಿಲ್ಲ. ಶ್ರೀಲಂಕಾದಲ್ಲಿ ತೆಂಗಿನಕಾಯಿ ಚಟ್ನಿ ಅಂತ ಖುಷಿಯಾಗಿ ಹಾಕಿಸಿಕೊಂಡರೆ ಒಳಗೆ ಒಣಮೀನಿನ ಪುಡಿ! ಬಾಲಿ ಪಕ್ಕದ ಗಿಲಿ ದ್ವೀಪಗಳಲ್ಲಿ ಟೆಂಪೆ ಸಿಗುತ್ತದೆ, ಸೋಯಾ ಕಾಳಿನದ್ದು, ರುಚಿ ಇದೆ. ಜೊತೆಗಿನ ಖಾರದ ಚಟ್ನಿಯಲ್ಲಿ ಸಿಗಡಿ ಇರುತ್ತದೆ, ಅದು ಬಿಡಬೇಕು. ಗಿಲಿಯಲ್ಲಿ ಪೆಟ್ರೋಲ್ ಗಾಡಿಯೇ ಇಲ್ಲ, ಸೈಕಲ್ ಮತ್ತು ಕುದುರೆಗಾಡಿ. ನನಗೆ ಬಹಳ ಹಿಡಿಸಿದ್ದು ಅದೇ.

ಗೋಕರ್ಣ ಬೀದಿ
ಕುದುರೆಗಳ ಪಾಡು ನೋಡಿದರೆ ಹಿಡಿಸುವುದಿಲ್ಲ. ಆ ಬಿಸಿಲಿಗೆ ಮರಳಿನಲ್ಲಿ ಲಗೇಜು ಎಳೆಯುತ್ತವೆ.

ಅಪ್ಪೆಹುಳಿ
ಅದು ನಿಜ. ನಾನು ಸೈಕಲ್ಲೇ ತಗೊಂಡಿದ್ದೆ.

ಅರಗಾ ಗೇಟು
ದಿಗ್ಲಿಪುರದ ಬಗ್ಗೆ. ಅದು ಪೋರ್ಟ್ ಬ್ಲೇರ್‌ನಿಂದ ಸುಮಾರು 300 ಕಿಲೋಮೀಟರ್, ಬಸ್ಸು ನಸುಕಿನಲ್ಲೇ ಹೊರಡುತ್ತದೆ. ದಾರಿ ಜಾರವಾ ಆದಿವಾಸಿ ಜನರ ಮೀಸಲು ಕಾಡಿನೊಳಗೆ ಹಾದುಹೋಗುತ್ತದೆ. ಜಿರ್ಕಾಟಾಂಗ್ ಗೇಟಿನಿಂದ ನಿಗದಿತ ಹೊತ್ತಿಗೆ ಮಾತ್ರ, ಎಲ್ಲ ಗಾಡಿ ಸಾಲಾಗಿ ಪೊಲೀಸ್ ಕಾವಲಿನಲ್ಲಿ. ಇಳಿಯುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಗುಂಪಿನಲ್ಲಿ "ಒಂದೇ ಒಂದು ವೀಡಿಯೋ" ಅನ್ನುವವನು ಇದ್ದರೆ ಮೊದಲೇ ಹೇಳಿಬಿಡಿ, ಕೇಸ್ ಬೀಳುತ್ತದೆ. ಬೀಚಿನಲ್ಲಿ ಬಿದ್ದ ಹವಳ, ಕೆಲವು ಜಾತಿಯ ಚಿಪ್ಪು ತರುವುದೂ ಅಪರಾಧ, 1972ರ ವನ್ಯಜೀವಿ ಕಾಯ್ದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನಿಂದ ತೆಗೆಸುತ್ತಾರೆ.

ದೂರ ಹೋದದ್ದಕ್ಕೆ ಮೋಸವಿಲ್ಲ. ರಾಸ್ ಮತ್ತು ಸ್ಮಿತ್ ಅಂತ ಎರಡು ದ್ವೀಪ, ನೀರಿಳಿದಾಗ ನಡುವೆ ಮರಳಿನ ದಾರಿ ಏಳುತ್ತದೆ. ಕಾಲಿಪುರ ಬೀಚಿಗೆ ಚಳಿಗಾಲದಲ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ.

ಶರಾವತಿ ತೀರ
ಆಮೆ ನೋಡಲು ಅಷ್ಟು ದೂರ ಯಾಕೆ? ನಮ್ಮ ಹೊನ್ನಾವರದ ಕಾಸರಕೋಡಿಗೂ ಬರುತ್ತವೆ, ಆಲಿವ್ ರಿಡ್ಲೆ. ಆಟೋ ಚಾರ್ಜ್‌ನಲ್ಲಿ ಮುಗಿಯುತ್ತದೆ.

ಬೈತಖೋಲ್ ಬೋಟು
ಸೂರ್ಯನ ಲೆಕ್ಕ ಯಾರೂ ಹೇಳಲಿಲ್ಲ. ಗಡಿಯಾರ ಅಲ್ಲೂ ಇಲ್ಲಿಯದೇ, ಆದರೆ ಕಾರವಾರಕ್ಕಿಂತ ಸುಮಾರು ಒಂದೂಕಾಲು ಗಂಟೆ ಮೊದಲೇ ಹೊತ್ತು ಮುಳುಗುತ್ತದೆ. ಸಂಜೆ ಐದೂವರೆಗೆಲ್ಲ ಕತ್ತಲು. ಗೋಕರ್ಣದ ಹಾಗೆ ಏಳು ಗಂಟೆವರೆಗೆ ನೀರಿನಲ್ಲಿ ಇರುವ ಯೋಚನೆ ಬೇಡ. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ, 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಅಮೆರಿಕದ ಪ್ರವಾಸಿ ಹೆಣ್ಣುಮಗಳು ಹೋದಳು. ಬೋರ್ಡ್ ಹಾಕಿದ ಕಡೆ ಇಳಿಯಬೇಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಕೊಲ್ಲಿಗಳಲ್ಲಿ ಅಂತೂ ಬೇಡವೇ ಬೇಡ. ನೀರಿನ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಕೈ ಬಡಿಯಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬನ್ನಿ. ಇದು ಓಂ ಬೀಚಿಗೂ ಅನ್ವಯ.

ಕುಮಟಾ ಕಡ್ಡಿ
ಇಷ್ಟೆಲ್ಲ ಓದಿದ ಮೇಲೂ ಹೋಗುತ್ತೀಯಾ ತಂಗಿ?

ತೊಡೆದೇವು ಕೂಸು
ಹೋಗುತ್ತೇನೆ ಅಣ್ಣಾ. ಏನಾಯಿತು ಅಂತ ಹೇಳುತ್ತೇನೆ.

ಗುರುತಿನ ಚೀಟಿ ಕೇಳಿದೆ. ಪುಣೆಯವಳು ಐದು ನಿಮಿಷದಲ್ಲಿ ಕಳಿಸಿ "ನಾನೇ ಕೇಳಬೇಕು ಅಂದುಕೊಂಡಿದ್ದೆ" ಅಂದಳು. ಜರ್ಮನಿಯವನು ಪಾಸ್‌ಪೋರ್ಟ್ ಕಳಿಸಿದ, ದಿಗ್ಲಿಪುರಕ್ಕೆ ತನಗೆ ಬಿಡುತ್ತಾರಾ ವಿಚಾರಿಸುತ್ತೇನೆ ಅಂದ. ಕೊಚ್ಚಿಯವನು ಮಾತ್ರ "ನಂಬಿಕೆ ಇಲ್ವಾ?" ಅಂತ ಸ್ವಲ್ಪ ಮುನಿಸಿಕೊಂಡ. ನಂಬಿಕೆ ಬೇರೆ, ಬುಕಿಂಗ್ ಬೇರೆ, ನನ್ನ ಟಿಕೆಟ್ ನಾನೇ ಮಾಡುತ್ತೇನೆ ಅಂದೆ. ಒಂದು ದಿನ ಗುಂಪಿನಲ್ಲಿ ಮಾತಿಲ್ಲ. ಆಮೇಲೆ ಅವನೂ ಚೀಟಿ ಕಳಿಸಿದ, ಜೊತೆಗೆ ಎಲ್ಲರೂ ಬೇರೆ ಬೇರೆ ಮಾಡಿದರೆ ಗುಂಪಿನ ರಿಯಾಯಿತಿ ಹೋಗುತ್ತದೆ ಅಂತ ಲೆಕ್ಕವನ್ನೂ ಕಳಿಸಿದ. ತಲೆಗೆ ಐನೂರು ರೂಪಾಯಿಯೂ ಇಲ್ಲ.

ಮುಂದಿನ ತಿಂಗಳು ನಾಲ್ಕೂ ಜನ ನೇತ್ರಾಣಿಗೆ ಬರುತ್ತಿದ್ದೇವೆ. ವಾಂತಿ ಆಗುವುದು ನನಗೇ ಅನಿಸುತ್ತಿದೆ.

ನೇತ್ರಾಣಿ ನೀರು
ಬೆಳಿಗ್ಗೆ ಹಗುರವಾಗಿ ತಿಂದು ಬನ್ನಿ, ಖಾಲಿ ಹೊಟ್ಟೆಯಲ್ಲಿ ಇನ್ನೂ ಜಾಸ್ತಿ. ಬೋಟಿನ ಹಿಂದೆ ಕೂತು ಕಡಲು ಆಕಾಶ ಸೇರುವ ದೂರದ ಗೆರೆ ನೋಡಿ, ಮೊಬೈಲ್ ನೋಡಬೇಡಿ.

ಅಂಕೋಲಾ ಅಕ್ಕ
ಹ್ಯಾವ್ಲಾಕ್‌ನಲ್ಲಿ ಎಟಿಎಂ ನಂಬಬೇಡ, ನಗದು ಇಟ್ಟುಕೋ. ಖರ್ಚು ಹಂಚುವುದಕ್ಕೆ ಆ್ಯಪ್ ಇದ್ದರೂ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡು. ಸಿಗ್ನಲ್ ಇಲ್ಲದ ಕಡೆಯೇ ಎಲ್ಲ ಖರ್ಚೂ ಆಗುವುದು.

ಕುಮಟಾ ಕಡ್ಡಿ
ಆಯಿ ಏನಂದರು?

ತೊಡೆದೇವು ಕೂಸು
ನರ್ಸ್ ಅಂದದ್ದಕ್ಕೆ ಅರ್ಧ ಒಪ್ಪಿದಳು. ಅವಳ ಜೊತೆ ಫೋನಿನಲ್ಲಿ ಮಾತಾಡಿದ್ದಾಳೆ, ಯಾವ ಭಾಷೆಯಲ್ಲಿ ಅಂತ ಇಬ್ಬರಿಗೂ ಗೊತ್ತಿಲ್ಲ. ಈಗ ನಾಲ್ಕು ಜನಕ್ಕೂ ಆಗುವಷ್ಟು ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿ ಕೊಡುತ್ತೇನೆ ಅನ್ನುತ್ತಿದ್ದಾಳೆ. ವಿಮಾನದಲ್ಲಿ ಬಿಡುತ್ತಾರಾ?

ಅರಗಾ ಗೇಟು
ಕೈಚೀಲದಲ್ಲಿ ಬೇಡ, ತಡೆಯುತ್ತಾರೆ. ಚೆಕ್-ಇನ್ ಬ್ಯಾಗಿಗೆ ಹಾಕು, ಎರಡು ಪ್ಲಾಸ್ಟಿಕ್ ಸುತ್ತಿ.

ಚಹಾ ಒಂದು
ಎಣ್ಣೆ ಹಾಕಿದ್ದಾ?

ಅಪ್ಪೆಹುಳಿ
ಅಪ್ಪೆಮಿಡಿಗೆ ಯಾರಾದರೂ ಎಣ್ಣೆ ಹಾಕುತ್ತಾರಾ? ಯಾವ ಊರು ನಿಮ್ಮದು?

ಚಹಾ ಒಂದು
ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುತ್ತಾರೆ.

ಭಟ್ಟರ ಮಾಣಿ
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರುತ್ತೇನೆ.